ಬಲಕ್ಕೆ ವಾಲಿದ ಅಕ್ಷರಗಳು

ಮೊನ್ನೆ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಕಪ್ಪು ಡ್ರಾಯಿಂಗ್ ಇಂಕಿನ ಬಾಟಲಿ ತೆರೆದಳು. ಆ ಒಗರು ವಾಸನೆ ಮೂಗಿಗೆ ಬಡಿಯುತ್ತಲೇ ಟೀಚರ್ ನೆನಪಾದರು...

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನಾಗ ದೆಹಲಿಯ ಕರೋಲ್ ಬಾಗಿನ ಮದುವೆ ಕಾರ್ಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಡಿಸೈನರ್. ಟೀಚರ್ ನಮ್ಮ ಎದುರುಮನೆಯವರು. ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾಗಿದ್ದರು. ತಮ್ಮ ಮಗಳ ಮದುವೆಯ ಕಾರ್ಡ್ ಮಾಡಿಸಲು ಅಂಗಡಿಗೆ ಬಂದರು. ಇಂಗ್ಲಿಷಿನಲ್ಲಿ ಬಲಕ್ಕೆ ವಾಲಿದ, ಬಳುಕುವ ಅಕ್ಷರಗಳು ಬೇಕಾದಷ್ಟಿದ್ದವು. ಕನ್ನಡದಲ್ಲಿ ನಮ್ಮ ಬಳಿ ಅಂಥವು ಇರಲಿಲ್ಲ. ನೆಟ್ಟಗಿನ ಅಕ್ಷರಗಳನ್ನೇ ಓರೆ ಮಾಡಿ ತೋರಿಸಿದೆ.

"ಇದು ವಾಲಿದ ಹಾಗಿಲ್ಲಪ್ಪ, ಯಾರೋ ಹಿಂದಿನಿಂದ ತಳ್ಳಿದ ಹಾಗಿದೆ," ಎಂದರು.

ಇಲ್ಲಿ ಕನ್ನಡ ಓದುವವರು ಯಾರೆಂದು ಮಾಲೀಕ ನಕ್ಕ. "ಮೇಡಂಜೀ, ಯಹಾಂ ಕನ್ನಡ ಪಢೇಗಾ ಕೌನ್?"

"ಜೋ ಆಯೇಂಗೇ, ವೋ ಪಢೇಂಗೇ," ಮದುವೆಗೆ ಬರುವವರು ಓದುತ್ತಾರೆ, ಎಂದವರೇ ನನ್ನತ್ತ ತಿರುಗಿದರು. "ನಾನೇ ಬರೆದು ಕೊಡ್ತೀನಿ."

ಆದರೆ ಅವರ ಬಲಗೈ ಆಗಲೇ ನಡುಗುತ್ತಿತ್ತು. ಮಾತ್ರೆ ನುಂಗಿ, ಬೆಳಗಿನ ಹೊತ್ತು ಚಪ್ಪಟೆ ನಿಬ್ಬಿನ ಪೆನ್ನು ಹಿಡಿದು ಕೂರುತ್ತಿದ್ದರು. ಒಂದು ಗೆರೆಯೂ ನೇರ ಬರಲಿಲ್ಲ.

"ರೆಹ್ನೇ ದೋ ನಾ ಅಮ್ಮಾ, ಕಂಪ್ಯೂಟರಿನದೇ ಸಾಕು," ಎಂದಳು ಅವರ ಮಗಳು.

ಮುಂದಿನ ಭಾನುವಾರ ನನ್ನನ್ನು ಕರೆಸಿದರು. ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿ, ಕಪ್ಪುಹಲಗೆಯ ಮುಂದೆ ನಿಲ್ಲುವಂತೆ ನಿಂತಿದ್ದರು. ಅಗಲ ಬ್ರಶ್ಶನ್ನು ಇಂಕಿನಲ್ಲಿ ಅದ್ದಿ, ಭುಜದಿಂದಲೇ ತೋಳು ಬೀಸಿ, ಮೊಳದುದ್ದದ ‘ಶ್ರೀ’ ಬರೆದರು.

"ಇಷ್ಟು ದೊಡ್ಡದಾಗಿ ಬರೆದ್ರೆ ನಡುಕ ಎಲ್ಲಿ ಕಾಣುತ್ತೆ? ಚಿಕ್ಕದು ಮಾಡ್ಕೊಳ್ಳೋದು ನಿನ್ನ ಕೆಲಸ."

ಫೋಟೋ ತೆಗೆದು ಕುಗ್ಗಿಸಿದೆ. ನಡುಕ ನಿಜಕ್ಕೂ ಮಾಯವಾಗಿತ್ತು! ‘ಸೌಭಾಗ್ಯವತಿ’ಯ ಯಕಾರದ ಒತ್ತು ಮಾತ್ರ ಪಕ್ಕದ ‘ವ’ವನ್ನು ಗುದ್ದುತ್ತಿತ್ತು. ಭುಜಕ್ಕೆ ಮುಲಾಮು ಹಚ್ಚಿಕೊಂಡು, ಸ್ಟೂಲಿನ ಮೇಲೆ ಸುಧಾರಿಸಿಕೊಂಡು, ‘ಇನ್ನೊಂದು ಸಲ’ ಎನ್ನುತ್ತಾ ಅದು ಒಗ್ಗುವವರೆಗೂ ಬರೆದರು. ಕಾರ್ಡ್ ಅಚ್ಚಾದ ಮೇಲೆ ಮಾಲೀಕ ತಾನಾಗಿಯೇ ಒಂದನ್ನು ಗಾಜಿನ ಶೋಕೇಸಿನಲ್ಲಿಟ್ಟ.

ಕಾರ್ಡಿಗೆ ಬೇಕಿದ್ದ ಅಕ್ಷರಗಳಷ್ಟೇ ಆಗಿದ್ದವು. ವರ್ಣಮಾಲೆಯಲ್ಲಿ ಉಳಿದವನ್ನು ಮದುವೆ ಮುಗಿಸಿ ಬರೆಯೋಣ ಎಂದಿದ್ದರು. ಆಗಲಿಲ್ಲ... ಮೊದಲು ಕೈ, ಆಮೇಲೆ ಕಾಲು ಸೋತವು.

ಅವರು ತೀರಿಕೊಂಡಾಗ ಮಗಳು ವೈಕುಂಠ ಸಮಾರಾಧನೆಯ ಕಾರ್ಡಿಗೆ ಬಂದಳು. ಅಮ್ಮನ ಅಕ್ಷರದಲ್ಲೇ ಆಗಬೇಕಿತ್ತು ಅವಳಿಗೆ. ಹುಡುಕಿದರೆ ‘ಠ’ವೇ ಇಲ್ಲ. ಬೇರೆಲ್ಲಿಂದಲೋ ತಂದು ಸೇರಿಸುತ್ತೇನೆಂದೆ.

"ನಹೀಂ. ನಾನು ಬರೀತೀನಿ. ಹೇಗೆ ಅಂತ ತೋರಿಸಿ, ಅಣ್ಣಾ."

ಕನ್ನಡ ಬರೆಯಲು ಸರಿಯಾಗಿ ಬಾರದ ಆ ಹುಡುಗಿ ಅದೇ ಗೋಡೆಯ ಮುಂದೆ ನಿಂತು, ಅಳುತ್ತಲೇ ‘ಠ’ ಬರೆದಳು. ಅಮ್ಮನದಕ್ಕಿಂತ ಸ್ವಲ್ಪ ನೆಟ್ಟಗಿತ್ತು. ನಾನು ತಿದ್ದಲಿಲ್ಲ.

ಬಿಟ್ಟುಹೋದ ಅಕ್ಷರಗಳನ್ನು ಈಗ ನಾನು ಬರೆಯತೊಡಗಿದ್ದೇನೆ. ನಿನ್ನೆ ‘ಝ’ ಮುಗಿಸಿದೆ. ಅದನ್ನು ನೋಡಿ ‘ಇನ್ನೊಂದು ಸಲ’ ಎನ್ನಲು ಟೀಚರ್ ಇಲ್ಲ. ಹಾಳೆ ಬದಲಿಸಿ ಮತ್ತೆ ಬರೆದೆ.