ಪೆಟ್ಟಿಗೆ ತೆರೆಯದೆ ಕೊಂಡ ಕಾರ್ಡು

ಬಸ್ಸು ತಪ್ಪಬಹುದಿತ್ತು. ಮಳೆ ಬಂದು ಚೀಲ ನೆನೆಯಬಹುದಿತ್ತು. ಯಾರದೋ ಕೊಬ್ಬರಿ ಮೂಟೆ ಉರುಳಿ ಅದರೊಳಗಿನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಮುರಿಯಬಹುದಿತ್ತು. ತಿಪಟೂರಿನ ಅಂಗಡಿ ಮುಚ್ಚಿರಬಹುದಿತ್ತು. ತೆರೆದಿದ್ದರೂ ಅಂಗಡಿಯವರು ನನ್ನ ಗುರುತೇ ಇಲ್ಲ ಎನ್ನಬಹುದಿತ್ತು. ಕಾರ್ಡು ಬಿಗಿಯುವ ಸ್ಕ್ರೂ ಮನೆಯಲ್ಲಿ ಕಳೆದೀತೆಂದು ಅದನ್ನೂ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಶುಕ್ರವಾರ ಬೆಳಿಗ್ಗೆ ಶೆಟ್ಟಿಕೆರೆಯಲ್ಲಿ ಬಸ್ಸು ಹತ್ತಿದೆ. ಟಿಕೆಟ್ ಎಂಟು ರೂಪಾಯಿ.

ನನ್ನದು ಮದುವೆ ವಿಡಿಯೊ ಕೆಲಸ. ಸೊಂಟ ಮುರಿದು ಮಲಗಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಮದುವೆ ನೋಡಿರಲಿಲ್ಲ. ಭಾನುವಾರ ಆ ಹುಡುಗಿ ತವರಿಗೆ ಬಂದು ಅಜ್ಜಿಯ ಪಕ್ಕ ಕೂತು ಸಿ.ಡಿ. ತೋರಿಸುವವಳಿದ್ದಳು. ನನ್ನ ಹಳೆಯ ಕಾರ್ಡು ಸುಟ್ಟಿತ್ತು. ತುರುವೇಕೆರೆಯ ಗೆಳೆಯನ ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ತಿಪಟೂರಿನಿಂದ ಅದೇ ಹೆಸರಿನದನ್ನು ತಂದಿದ್ದೆ. ಅವನದು ತೆಳ್ಳಗೆ. ನನ್ನದರ ಮೇಲೆ ಮಾತ್ರ ಬೆಲ್ಲದಚ್ಚಿನಷ್ಟು ದಪ್ಪ ಫ್ಯಾನು. ಕ್ಯಾಸೆಟ್ಟಿನಿಂದ ಚಿತ್ರ ಇಳಿಸುವ ಇನ್ನೊಂದು ಕಾರ್ಡನ್ನು ಸಿಕ್ಕಿಸಲು ಉಳಿದಿದ್ದ ಒಂದೇ ಸ್ಲಾಟನ್ನೂ ಅದು ಮುಚ್ಚಿಬಿಟ್ಟಿತ್ತು. ಅದನ್ನು ಬದಲಿಸಿಕೊಳ್ಳಲು ಹೊರಟಿದ್ದೆ.

ಬಸ್ಸಿನಲ್ಲಿ ಪಕ್ಕ ಕೂತಿದ್ದ ಬಿಳಿಗೆರೆಯ ಯಜಮಾನರು ಕಥೆ ಕೇಳಿ ನನ್ನನ್ನೇ ನೋಡಿದರು. "ಕಾಯಾದ್ರೆ ಅಲ್ಲಾಡ್ಸಿ, ಕಿವಿಗಿಟ್ಟು ತಗಂತೀಯ. ಇದುನ್ನ ಪೆಟ್ಗೆ ಬಿಚ್ದೆ ತಂದ್ಯೇನಪ್ಪಾ?"

ಆ ಮಾತು ಚುಚ್ಚಿತು. ಆ ಕೋಪವನ್ನು ತಿಪಟೂರಿನವರೆಗೆ ಆರದಂತೆ ಕಾಪಾಡಿಕೊಂಡು ಹೋದೆ.

ಅಂಗಡಿಯವರು ನನ್ನ ದೂರು ಕೇಳಿ, ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು: "ಚಿಪ್ಪು ಒಂದೇ ಕಣ್ರೀ. ಚಿಪ್ ಮಾಡೋರು ಬೋರ್ಡು ಹಿಂಗಿರ್ಲಿ ಅಂತ ಒಂದು ಮಾದರಿ ಕೊಡ್ತಾರೆ. ಕೆಲವು ಕಂಪನಿ ಹಂಗೇ ಮಾಡ್ತವೆ, ಕೆಲವು ತಮ್ದೇ ಬೋರ್ಡು, ತಮ್ದೇ ಫ್ಯಾನು ಹಾಕ್ತವೆ."

"ಹಂಗಾದ್ರೆ ಹೆಸರು ಯಾಕ್ರೀ ಒಂದೇ?"

ಪೆಟ್ಟಿಗೆಯನ್ನು ಅವರ ಮೂಗಿನ ಮುಂದೆ ಹಿಡಿದೆ. ಕತ್ತಿ ಹಿಡಿದ ಹೆಣ್ಣಿನ ಚಿತ್ರವಿತ್ತು. ಒಳಗಿನ ಕಾರ್ಡಿನ ಚಿತ್ರ ಎಲ್ಲಿಯೂ ಇರಲಿಲ್ಲ. ಎಷ್ಟು ದಪ್ಪ, ಎಷ್ಟು ಜಾಗ ಬೇಕು ಎಂಬ ಒಂದು ಸಾಲೂ ಇಲ್ಲ. ಕೊಳ್ಳುವ ಮುಂಚೆ ಬಿಚ್ಚುವಂತಿಲ್ಲ, ಬಿಚ್ಚಿದರೆ ವಾಪಸ್ಸು ಇಲ್ಲ. ಹೀಗೆ ಕಣ್ಣು ಕಟ್ಟಿ ಮಾರಿದರೆ ಇಲ್ಲಿನ ಕೊಬ್ಬರಿ ಮಂಡಿಯಲ್ಲಿ ಒಂದು ದಿನ ನಡೆದೀತೇ ಎಂದು ಕೂಗಾಡಿದೆ. ಬೀದಿಯವರೆಲ್ಲ ನಿಂತು ನೋಡಿದರು. ಕೊನೆಗೆ ಅವರು ಒಳಗಿನಿಂದ ಪೆಟ್ಟಿಗೆಯೇ ಇಲ್ಲದ, ಮೂಲ ಮಾದರಿಯ ತೆಳು ಕಾರ್ಡೊಂದನ್ನು ತಂದು, "ತಗಂಡ್ ಹೋಗ್ರೀ, ಬುಡಿ ನನ್ನ" ಎಂದರು.

ಇದರಲ್ಲೂ ಮೋಸ ಹೋಗಬಾರದೆಂದು ಕಾಗದ ಬಿಚ್ಚಿ, ಕಾರ್ಡಿನ ತೂತಿಗೆ ಸ್ಕ್ರೂ ಹಿಡಿದು ನೋಡಿದೆ. ಸರಿಯಾಗಿತ್ತು. ಇನ್ನು ಈ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಬಿದ್ದೆ.

ಬಸ್ಸು ಸಮಯಕ್ಕೆ ಸಿಕ್ಕಿತು. ಮಳೆ ಬರಲಿಲ್ಲ. ಕಾರ್ಡು ಕೂತಿತು, ಚಿತ್ರ ಇಳಿಸುವ ಕಾರ್ಡಿಗೆ ಪಕ್ಕದ ಸ್ಲಾಟು ಸಿಕ್ಕಿತು. ಭಾನುವಾರ ಅಜ್ಜಿ ಧಾರೆಯನ್ನು ಎರಡು ಸಲ ಹಾಕಿಸಿ ನೋಡಿದರಂತೆ. ಅವರು ನೋಡುತ್ತಿದ್ದ ಹೊತ್ತಿಗೆ ನನ್ನ ಕಾರ್ಡು ಸ್ಕ್ರೂ ಇಲ್ಲದೆ ತೆಂಗಿನ ನಾರಿನ ಹುರಿಯ ಕಟ್ಟಿನಲ್ಲಿ ನಿಂತಿತ್ತು. ತೂತಿಗೆ ಹಿಡಿದು ನೋಡಿದ ಸ್ಕ್ರೂ ತಿಪಟೂರಿನ ಆ ಅಂಗಡಿಯ ಗಲ್ಲಾದ ಮೇಲೇ ಉಳಿದಿತ್ತು.