ಅರ್ಧಕ್ಕೇ ನಿಲ್ಲುತ್ತಿದ್ದ ಗಂಧದ ಬೀಸಣಿಗೆ

2022ರಲ್ಲಿ ಜೆ.ಪಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ನಾನೂ ನನ್ನ ಪತಿ ಮಾಧವರೂ ಹಳೆಯ ವಸ್ತುಗಳನ್ನು ಉಳಿಸಿಕೊಡುವ ಕನ್ಸರ್ವೇಶನ್ ಕೆಲಸ ನಡೆಸುತ್ತಿದ್ದೆವು. ಮರದ್ದು ಅವರ ಪಾಲು, ಬಟ್ಟೆಯದು ನನ್ನ ಪಾಲು. ಈಗ ಅವರು ತೀರಿಕೊಂಡು ಹತ್ತು ತಿಂಗಳಾಯಿತು; ಇದು ಅವರಿದ್ದಾಗಿನ ಮಾತು.

2022ರ ನವೆಂಬರಿನ ಒಂದು ಗುರುವಾರ ಜಯನಗರದಿಂದ ಎಂಬತ್ತೆರಡು ವರ್ಷದ ಸುಬ್ಬಲಕ್ಷ್ಮಮ್ಮ, ಮೊಮ್ಮಗಳು ಪಲ್ಲವಿಯ ಜೊತೆ ಬಂದರು. ತಂದದ್ದು ಗಂಧದ ಮರದ ಮಡಿಸುವ ಬೀಸಣಿಗೆ. ಇಪ್ಪತ್ತೆರಡು ತೆಳು ಪಟ್ಟಿಗಳು, ಬುಡದಲ್ಲಿ ಎಲ್ಲವನ್ನೂ ಹಿಡಿದಿಟ್ಟ ಒಂದು ರಿವೆಟ್ ಮೊಳೆ, ಮೇಲೆ ಅವನ್ನು ಪೋಣಿಸಿದ ರೇಷ್ಮೆ ರಿಬ್ಬನ್.

ನಮ್ಮ ಲಾವಂಚದ ಬೀಸಣಿಗೆ ಇರುವುದು ಸೆಕೆಗೆ. ಮಡಿಸುವ ಬೀಸಣಿಗೆಯ ಕಥೆ ಬೇರೆ. ಜಪಾನಿನಲ್ಲಿ ಹುಟ್ಟಿ, ಹಡಗೇರಿ ಯುರೋಪಿಗೆ ಹೋಗಿ, ಅಲ್ಲಿಯ ಹೆಂಗಸರಿಗೆ ಅದು ಒಡವೆಯಷ್ಟೇ ಮುಖ್ಯವಾಯಿತು. ಆ ಷೋಕಿಗಾಗಿ ನಮ್ಮ ಕುಶಲಕರ್ಮಿಗಳೂ ಗಂಧದಲ್ಲಿ ಕೆತ್ತಿದರು. ಸುಬ್ಬಲಕ್ಷ್ಮಮ್ಮನ ತಾಯಿ ಇದನ್ನು ರೇಷ್ಮೆ ಸೀರೆಯ ಜೊತೆ ಮದುವೆಮನೆಗಳಿಗೆ ಹಿಡಿದು ಹೋಗುತ್ತಿದ್ದರಂತೆ.

"ಭಾನುವಾರ ನನ್ ರಿಸೆಪ್ಷನ್ ಆಂಟಿ. ಲೆಹೆಂಗಾ ಜೊತೆ ಇದನ್ನೇ ಹಿಡ್ಕೋಬೇಕು. ಬಿಚ್ಚೋಕೇ ಬರ್ತಿಲ್ಲ," ಅಂದಳು ಪಲ್ಲವಿ.

ಮಾಧವ ಭೂತಗನ್ನಡಿ ಹಿಡಿದು ನೋಡಿದರು. "ಎಣ್ಣೆ ಯಾರು ಹಚ್ಚಿದ್ದು?"

ಅಜ್ಜಿಯ ಮುಖ ಸಣ್ಣದಾಯಿತು. "ನಾನೇ. ಪ್ರತಿ ದಸರಾಗೂ ಗೊಂಬೆ ಪಕ್ಕ ಇಡುವಾಗ ಒಂದು ತೊಟ್ಟು ಎಳ್ಳೆಣ್ಣೆ. ಮರ ಒಣಗ್ಬಾರ್ದು ಅಂತ. ಅಮ್ಮನ ವಸ್ತು, ನಾನೇ ಹಾಳ್ ಮಾಡ್ಬಿಟ್ನಾ?"

ಎಣ್ಣೆಯೂ ಧೂಳೂ ಸೇರಿ ಅಂಟಾಗಿ, ಪಟ್ಟಿಗಳು ಕಚ್ಚಿಕೊಂಡಿದ್ದವು. ಸಾಲ್ವೆಂಟ್ ಹಾಕಿದರೆ ಅಂಟು ಕರಗುತ್ತದೆ, ಗಂಧದ ಸ್ವಂತ ಎಣ್ಣೆಯೂ ಅದರ ಜೊತೆ ಹೋಗುತ್ತದೆ. ಉಳಿದ ದಾರಿ ಒಂದೇ: ಹದವಾಗಿ ಬಿಸಿ ತಾಗಿಸಿ, ನಡುವೆ ತೆಳು ಕಾಗದ ತೂರಿಸಿ, ದಿನಕ್ಕೆ ಎರಡು ಸಂದು ಬಿಡಿಸುವುದು.

"ಮೂರು ದಿನದಲ್ಲಿ ಒಂದು ಮದುವೇನೇ ಮಾಡ್ಸಬಹುದಮ್ಮ, ಇದು ಆಗಲ್ಲ," ಎಂದರು ಮಾಧವ.

"ಸ್ವಲ್ಪ ಎಳೆದ್ರೆ ಬರಲ್ವಾ ಅಂಕಲ್?"

"ಬರತ್ತೆ. ತುಂಡಾಗಿ ಬರತ್ತೆ."

ಪಲ್ಲವಿಯ ಕಣ್ಣು ತುಂಬಿತು. ಅಜ್ಜಿ ಅವಳ ಕೈ ಹಿಡಿದು, "ಬಿಟ್ಟು ಹೋಗೋಣ ಕಣೆ. ನಿನ್ ಫೋಟೋಗೆ ಇನ್ನೇನಾದ್ರೂ ಸಿಗತ್ತೆ," ಎಂದರು.

ರಿಸೆಪ್ಷನ್ ಬೀಸಣಿಗೆಯಿಲ್ಲದೆ ನಡೆಯಿತು. ಇಪ್ಪತ್ತೊಂದು ಸಂದುಗಳಿಗೆ ಹನ್ನೊಂದು ದಿನ ಹಿಡಿಯಿತು. ಹೊಸ ರಿಬ್ಬನ್ ಪೋಣಿಸಲು ನಾನು ಅದನ್ನು ಪೂರ್ತಿ ಬಿಚ್ಚಿದಾಗ ಇಬ್ಬರೂ ಅದನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದೆವು. ಮಾಧವ ಹೇಳಿದ್ದು ಇಷ್ಟೇ: "ಫೋನಲ್ಲಿ ಏನೂ ಹೇಳ್ಬೇಡ. ಅವರೇ ನೋಡ್ಲಿ."

ಅಜ್ಜಿ, ಮೊಮ್ಮಗಳು ಬಂದರು. ಬೀಸಣಿಗೆಯನ್ನು ಅರ್ಧ ಬಿಚ್ಚಿ ಅಜ್ಜಿ ನಿಲ್ಲಿಸಿಬಿಟ್ಟರು. ಅಲ್ಲಿಗೆ ಕಂಡದ್ದು ಕೆತ್ತಿದ ಬಳ್ಳಿ ಮಾತ್ರ. "ಸಾಕು. ಮುರಿಯತ್ತೆ ಅಂತ ಅಮ್ಮ ಇಷ್ಟೇ ಬಿಚ್ತಾ ಇದ್ದಿದ್ದು."

"ಇನ್ನೂ ಇದೆ, ಬಿಚ್ಚಿ," ಎಂದರು ಮಾಧವ.

ಕೊನೆಯ ಪಟ್ಟಿ ಸರಿಯಿತು. ಇಪ್ಪತ್ತೆರಡೂ ಪಟ್ಟಿಗಳ ಸೂಜಿಮೊನೆಯಷ್ಟು ರಂಧ್ರಗಳು ಕೂಡಿಕೊಂಡು, ಗರಿ ಬಿಚ್ಚಿದ ಒಂದೇ ನವಿಲಾಯಿತು. ಕಿಟಕಿಯ ಬಿಸಿಲು ಅದರೊಳಗೆ ಹಾದು ಅಜ್ಜಿಯ ಸೀರೆಯ ಮೇಲೆಲ್ಲ ಚುಕ್ಕೆ ಚೆಲ್ಲಿತು.

"ಹುಟ್ಟಿದಾಗಿಂದ ಮನೇಲೇ ಇತ್ತಲ್ರೀ ಇದು," ಎಂದರು ಅಜ್ಜಿ. ಪಲ್ಲವಿ ಫೋನ್ ತೆಗೆದವಳು ಫೋಟೋ ತೆಗೆಯುವುದನ್ನೇ ಮರೆತಳು.

ನಾನು ಮಾಧವರ ಕಡೆ ತಿರುಗಿದೆ. ಅವರು ನವಿಲನ್ನು ನೋಡುತ್ತಿರಲಿಲ್ಲ. ಅಜ್ಜಿಯ ಮುಖ ನೋಡುತ್ತಿದ್ದರು. ಮಾಧವರ ಕಣ್ಣು ಒದ್ದೆಯಾಗಿತ್ತು. ಮೂವತ್ತೊಂದು ವರ್ಷ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೆ. ವಸ್ತು ಹಿಂತಿರುಗಿಸುವ ಹೊತ್ತಿಗೆ ನಾನು ಯಾವಾಗಲೂ ಮುಂದಿನ ಕೆಲಸಕ್ಕೆ ತಲೆ ಬಗ್ಗಿಸಿರುತ್ತಿದ್ದೆ. ಅವರು ಈ ಕ್ಷಣಕ್ಕಾಗಿ ಕಾಯುತ್ತಿದ್ದರೆಂದು ಗೊತ್ತೇ ಇರಲಿಲ್ಲ.

ಉಳಿಸಿದ ವಸ್ತುವಿಗೆ ಕೊನೆಯ ಪರೀಕ್ಷೆ ಅದರ ಒಡೆಯರ ಮುಖದಲ್ಲಿದೆ. ಈಗ ಯಾರಿಗೇ ಏನೇ ಕೊಡುವಾಗಲೂ ತಲೆಯೆತ್ತಿ ನೋಡುತ್ತೇನೆ, ನನ್ನ ಪಾಲನ್ನೂ ಮಾಧವರ ಪಾಲನ್ನೂ ಸೇರಿಸಿ.