ಹುಳು ಹಣ್ಣಾದ ದಿನ ಕರೆದ ಸಭೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಗಡಿಯ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಸಹಶಿಕ್ಷಕಿಯಾಗಿ ಸೇವೆ ಸಲ್ಲಿಸಿರುತ್ತೇನೆ. ಅಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಇಲ್ಲಿ ನಿವೇದಿಸುತ್ತಿದ್ದೇನೆ. ಅರ್ಜಿ, ವರದಿಗಳ ಹೊರತು ಬೇರೇನನ್ನೂ ಬರೆದವಳಲ್ಲವಾದ್ದರಿಂದ, ಹೆಚ್ಚುಕಡಿಮೆ ಕಂಡುಬಂದಲ್ಲಿ ಓದುಗರು ಸಹಿಸಿಕೊಳ್ಳಬೇಕಾಗಿ ವಿನಂತಿ.

ಸದರಿ ಹಳ್ಳಿಯ ಮೇಲಿನ ಬೀದಿಯವರ ಮನೆಮಾತು ಕನ್ನಡ, ಕೆಳಗಿನ ಬೀದಿಯವರದು ತೆಲುಗು. ಕೆಳಗಿನ ಬೀದಿಯ ಮಕ್ಕಳು ಒಂದನೇ ತರಗತಿಗೆ ಕನ್ನಡದ ಒಂದು ಮಾತನ್ನೂ ಅರಿಯದೆ ಬರುತ್ತಿದ್ದರು. ಇದನ್ನು ಮನಗಂಡು ಸರ್ಕಾರವು ಎರಡೂ ಭಾಷೆಗಳಲ್ಲಿ ಪಾಠ ಹೇಳುವ ವಿಭಾಗವೊಂದಕ್ಕೆ ಅನುದಾನ ಮಂಜೂರು ಮಾಡಿ, ತೆಲುಗು ಬಲ್ಲ ಶಿಕ್ಷಕಿಯೊಬ್ಬರನ್ನು ತಾತ್ಕಾಲಿಕವಾಗಿ ನೇಮಿಸಿತ್ತು. ಆಕೆ ತೆಲುಗಿನಲ್ಲಿ ಕಥೆ ಆರಂಭಿಸುವರು, ನಾನು ಕನ್ನಡದಲ್ಲಿ ಮುಂದುವರಿಸುವೆನು. ಮಕ್ಕಳು ಯಾವ ಭಾಷೆಗೆ ನಕ್ಕರೆಂಬುದು ನಮಗೇ ತಿಳಿಯುತ್ತಿರಲಿಲ್ಲ.

ಈ ಅನುದಾನ ಪ್ರತಿ ವರ್ಷ ಮುಂದುವರಿಯಬೇಕಾದರೆ ಪೋಷಕರು ಸಭೆ ಸೇರಿ ಬೇಡಿಕೆ ಸಲ್ಲಿಸಬೇಕಿತ್ತು. ಸಲ್ಲಿಸದಿದ್ದಲ್ಲಿ ಆಕೆಗೆ ಕೆಲಸವಿಲ್ಲ, ಆ ಮಕ್ಕಳಿಗೆ ಅರ್ಥವಾಗುವ ಪಾಠವಿಲ್ಲ.

ಆ ವರ್ಷ ಸಭೆಯ ದಿನವನ್ನು ತಾಲ್ಲೂಕು ಕಚೇರಿಯೇ ಗೊತ್ತುಪಡಿಸಿತು. ಕೆಳಗಿನ ಬೀದಿಯದು ರೇಷ್ಮೆಯ ಬದುಕು. ಎಲ್ಲರೂ ಒಂದೇ ಕಡೆಯಿಂದ, ಒಂದೇ ದಿನ ಮೊಟ್ಟೆ ತರುವುದರಿಂದ ಎಲ್ಲರ ಮನೆಯ ಹುಳುವೂ ಒಂದೇ ದಿನ ಹಣ್ಣಾಗುತ್ತಿತ್ತು. ಹಣ್ಣಾದ ಹುಳು ಮೇವು ಬಿಟ್ಟು ನೂಲು ಬಿಡಲು ತೊಡಗುತ್ತದೆ; ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಕಸ. ಆ ದಿನ ಆ ಬೀದಿಯಲ್ಲಿ ಹೆಣ ಬಿದ್ದರೂ ಎತ್ತುವವರಿಲ್ಲವೆಂಬ ಮಾತಿತ್ತು.

ಮುಖ್ಯೋಪಾಧ್ಯಾಯರು ಮಾಲೂರಿನ ಕಡೆಯವರು; ಈ ಊರಿನ ಹುಳುವಿನ ಬದುಕು ಅವರಿಗೆ ಹೊಸದು. ನಾನು ಹೇಳಿದೆ: “ಸಾರ್, ಅವತ್ತು ಕೆಳಗಿನ ಬೀದೀಲಿ ಹುಳು ಹಣ್ಣಾಗತ್ತೆ. ಒಬ್ರೂ ಬರಲ್ಲ.”

“ಹುಳ ನೋಡ್ಕೊಂಡು ಇಲಾಖೆ ನಡೆಯತ್ತೇನಮ್ಮ?” ಎಂದರು.

ಸಭೆಗೆ ಮೇಲಿನ ಬೀದಿಯವರು ಮಾತ್ರ ಹಾಜರಾದರು. ರಾಜ್ಯದಲ್ಲೆಲ್ಲ ಭಾಷೆಯ ಚಳವಳಿ ಕಾವೇರಿದ್ದ ಕಾಲವದು. ತೆಲುಗಿಗೆ ಬೇಡಿಕೆ ಇಲ್ಲವೆಂದು ಚಹಾ ಆರುವುದರೊಳಗೆ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಕೆಳಗಿನ ಬೀದಿಯವರು ಮುಖವನ್ನೂ ತೊಳೆಯದೆ, ಹಿಪ್ಪುನೇರಳೆ ಕೊಯ್ಯುವ ಕುಡುಗೋಲುಗಳನ್ನು ಹಿಡಿದೇ ಶಾಲೆಗೆ ಬಂದರು. ಮೇಲಿನ ಬೀದಿಯ ಯುವಕರು ಗೇಟಿನಲ್ಲಿ ಕಾದಿದ್ದರು.

“ಏನ್ಲಾ, ನಿನ್ನೆ ಎಲ್ಲಿ ಹೋಗಿತ್ತು ನಿಮ್ಮ ತೆಲುಗು? ಹುಳದ ಜೊತೆ ಅದೂ ಗೂಡು ಕಟ್ಕೊಂಡಿತ್ತಾ?”

“ನೋರು ಮೂಸ್ಕೋರಾ, ಬಾಯಿ ಮುಚ್ಚೋ! ಗಂಡಸರಾಗಿದ್ರೆ ನಾವು ಇರೋವಾಗ ಸಭೆ ಮಾಡ್ಬೇಕಿತ್ತು ಕಣ್ರೋ. ಕಳ್ಳತನದಲ್ಲಿ ಮಾಡ್ತೀರಾ?”

ಮೊದಲ ಕಲ್ಲನ್ನು ಯಾರು ಎಸೆದರೆಂದು ಹೇಳಲು ನನ್ನಿಂದ ಸಾಧ್ಯವಿಲ್ಲ. ಸದರಿ ಕಲ್ಲು ಜಗಲಿಯಲ್ಲಿ “ಶಾಂತವಾಗಿರಿ” ಎನ್ನುತ್ತಿದ್ದ ಮುಖ್ಯೋಪಾಧ್ಯಾಯರ ಹುಬ್ಬನ್ನು ಸೀಳಿತು. ಅವರ ಬಿಳಿ ಶರಟು ಎದೆಯವರೆಗೆ ಕೆಂಪಾಯಿತು. ಎರಡೂ ಕಡೆಯವರು ಬೆಂಚುಗಳನ್ನು ಹೊರಗೆಳೆದು, ತುಳಿದು ಮುರಿದು, ಕಾಲುಗಳನ್ನು ದೊಣ್ಣೆಗಳನ್ನಾಗಿ ಹಂಚಿಕೊಂಡರು. ಯುವಕನೊಬ್ಬನ ಬೆನ್ನಿಗೆ ಕುಡುಗೋಲಿನ ಹಿಂಬದಿ ಬಿದ್ದು, ಅವನು ಮಣ್ಣು ಕಚ್ಚಿ ಉಸಿರಿಗಾಗಿ ಒದ್ದಾಡಿದನು. ಅವನನ್ನು ಎತ್ತಲು ಬಗ್ಗಿದ ಅವನ ಮಾವನ ಹಲ್ಲುಗಳನ್ನು ಬೆಂಚಿನ ಕಾಲು ಉದುರಿಸಿತು. ಒಂದೇ ಡೈರಿಗೆ ದಿನವೂ ಹಾಲು ಹಾಕುತ್ತಿದ್ದ ಇಬ್ಬರು ಒಬ್ಬರ ಗಂಟಲನ್ನೊಬ್ಬರು ಹಿಡಿದು, ಕಣ್ಣು ಹೊರಬೀಳುವಂತಾಗುವವರೆಗೆ ಬಿಡಲಿಲ್ಲ.

ನನ್ನ ಸಹೋದ್ಯೋಗಿಯಾದ ಆ ತೆಲುಗು ಶಿಕ್ಷಕಿ ಮಕ್ಕಳನ್ನು ಕೋಣೆಯೊಳಕ್ಕೆ ತಳ್ಳಿ, ಬಾಗಿಲಿಗೆ ಎರಡೂ ಕೈ ಅಡ್ಡವಿಟ್ಟು ನಿಂತಿದ್ದರು.

“ಟೀಚರಮ್ಮ, ಪಕ್ಕಕ್ಕೆ ಸರೀರಿ. ಒಳಗಿರೋ ಆ ತೆಲುಗು ಬೋರ್ಡು ಒಡೀಬೇಕು,” ಎಂದನು ಮೇಲಿನ ಬೀದಿಯವನೊಬ್ಬ.

“ಒಳಗೆ ನಿಮ್ಮಣ್ಣನ ಮಗಳೂ ಇದ್ದಾಳೆ ಕಣಪ್ಪ.”

ಅವನು ಒಂದು ಕ್ಷಣ ತಡೆದನು. ಹಿಂದಿನಿಂದ ಯಾರೋ “ಹಾಕೋ!” ಎಂದರು. ದೊಣ್ಣೆಯಲ್ಲಿ ಹಾಕಿದನು. ಆಕೆಯ ಮುಂಗೈ ಮೂಳೆ ಮುರಿದ ಸದ್ದು ಅಷ್ಟು ಗದ್ದಲದಲ್ಲಿಯೂ ನನಗೆ ಕೇಳಿಸಿತು. ಆಕೆ ಮುರಿದ ಕೈಯನ್ನು ಎದೆಗೊತ್ತಿಕೊಂಡರೂ ಇನ್ನೊಂದನ್ನು ಬಾಗಿಲಿನಿಂದ ತೆಗೆಯಲಿಲ್ಲ. ಒಳಗೆ ಮಕ್ಕಳು ಎರಡೂ ಭಾಷೆಗಳಲ್ಲಿ ಅಮ್ಮನನ್ನು ಕೂಗುತ್ತಿದ್ದರು.

ಅನಂತರ ಪೊಲೀಸ್ ವ್ಯಾನು ಬಂದಿತು. ಲಾಠಿಗೆ ಬೀದಿಯ ಭೇದ ತಿಳಿಯದಾದ್ದರಿಂದ ಎರಡೂ ಬೀದಿಯವರು ಸಮನಾಗಿ ಪೆಟ್ಟು ತಿಂದರು. ಬಿದ್ದವರನ್ನೂ ಬಡಿದರು.

ಕೆಳಗಿನ ಬೀದಿಯವರು ತಲೆಗೆ ಪಟ್ಟಿ ಕಟ್ಟಿಕೊಂಡೇ ಕೋಲಾರದವರೆಗೆ ಹೋಗಿ ಮನವಿ ಮಾಡಿದರು. ಶಾಂತಿಭಂಗಕ್ಕೆ ಕಾರಣವಾದ ವಿಭಾಗವನ್ನು ಮುಂದುವರಿಸುವುದು ಸೂಕ್ತವಲ್ಲವೆಂಬ ಆದೇಶ ಬಂದಿತು. ಆಕೆ ಕೈಗೆ ಪ್ಲಾಸ್ಟರು ಹಾಕಿಕೊಂಡು ಬಸ್ಸು ಹತ್ತಿದರು. “ಆ ಮಕ್ಕಳನ್ನ ಮೊದಲು ಮಾತಾಡೋಕೆ ಬಿಡಿ ಅಕ್ಕ. ಆಮೇಲೆ ಬೇಕಾದ್ರೆ ತಿದ್ದಿ,” ಎಂದಷ್ಟೇ ಹೇಳಿದರು.

ನನ್ನನ್ನು ಐದನೇ ತರಗತಿಗೆ ಹಾಕಿ, ಒಂದನೇ ತರಗತಿಯನ್ನು ಮುಖ್ಯೋಪಾಧ್ಯಾಯರೇ ವಹಿಸಿಕೊಂಡರು. ಎರಡು ಕೋಣೆಗಳ ನಡುವೆ ಇದ್ದದ್ದು ಅರ್ಧ ಗೋಡೆ. ಒಂದು ದಿನ ಅವರು ಕರಿಹಲಗೆಯ ಮೇಲೆ ಐದಕ್ಕೆ ಎರಡನ್ನು ಕೂಡಿಸುವ ಲೆಕ್ಕ ಬರೆದು, ಕೆಳಗಿನ ಬೀದಿಯ ಹುಡುಗಿಯೊಬ್ಬಳನ್ನು ಎಬ್ಬಿಸಿದರು.

ಅವಳು ಬೆರಳೆಣಿಸಿ ಏಳು ಎಂಬುದನ್ನು ತೆಲುಗಿನಲ್ಲಿ ಹೇಳಿದಳು: “ಏಡು.”

ಕನ್ನಡದಲ್ಲಿ ಹೇಳಲಿಲ್ಲವೆಂದು ಬೆತ್ತ ಬಿದ್ದಿತು. “ಸರಿಯಾಗಿ ಹೇಳೇ!”

ಅವಳು ಮತ್ತೆ ಎಣಿಸಿದಳು. “ಏಡು.”

ಇನ್ನೂ ಜೋರಾಗಿ ಬಿದ್ದಿತು. ನಾನು ಸೀಮೆಸುಣ್ಣ ಬಿಸಾಡಿ ಗೋಡೆಯನ್ನು ಬಳಸಿ ಓಡುವಷ್ಟರಲ್ಲಿ, ಆ ಹುಡುಗಿ ಬಿಕ್ಕುತ್ತಾ ಇನ್ನೊಂದು ಬೆರಳನ್ನು ತಾನಾಗಿಯೇ ಸೇರಿಸಿ “ಎನಿಮಿದಿ”, ಎಂಟು, ಎಂದಳು. ಎಂದು, ಹೊಡೆತಕ್ಕೆ ತಾನೇ ಅಂಗೈ ಚಾಚಿದಳು.